ನಲವತ್ತು ಜನರಿಗೆ ಮಲೀದಾ

ಗಜೇಂದ್ರಗಡ
೧೪ ಅಕ್ಟೋಬರ್ ೨೦೦೮

ಹುಸ್ನಾಳಿಗೆ ದುಆ.

ನಿನ್ನ ಕಾಗದ ಮುಟ್ಟಿತು. ಓದಿದೆ. ಆಗುವುದಿಲ್ಲ.

ಉತ್ತರ ಇಷ್ಟೇ. ಆದರೆ ಒಂದು ಸಾಲು ಬರೆದು ಅಂಚೆಗೆ ಹಾಕಿದರೆ ಹಾಳೆ ಕೆಡಿಸಿದ ಹಾಗೆ. ಅದಕ್ಕೆ ಕಾರಣವನ್ನೂ ಬರೆಯುತ್ತೇನೆ.

ನರಗುಂದದ ಗುಡ್ಡದ ಕೋಟೆಯ ಮೇಲೆ ಅಭಿಮಾನ ಇರುವವರು ಸೇರಿ ಒಂದು ಬಳಗ ಕಟ್ಟಿದ್ದಾರೆ, ತಿಂಗಳಿಗೊಮ್ಮೆ ಕಂಪ್ಯೂಟರಿನ ಮುಂದೆ ಕುಳಿತು ಹಳೆಯ ಕಾಲದ ಮಾತು ಹೇಳಿಸುತ್ತಾರೆ, ಅದು ದೂರದ ಊರುಗಳಿಗೂ ಕಾಣುತ್ತದೆ, ಕೇಳುತ್ತದೆ ಎಂದು ಬರೆದಿದ್ದೀ. ಒಳ್ಳೆಯದು. ಧಾರವಾಡದ ಪ್ರೊಫೆಸರರು ಹೇಳಲಿ. ಮುಂದಿನ ಸಲ ನಮ್ಮ ಗಡದ ಬಗ್ಗೆ ನಾನು ಹೇಳಬೇಕು ಎಂದರೆ ಅದೆಲ್ಲಿಯ ಮಾತು? ನಾನು ಕಲಿತದ್ದು ರೋಣದ ಹೈಸ್ಕೂಲಿನಲ್ಲಿ, ಮೆಟ್ರಿಕ್‌ವರೆಗೆ. ಇತಿಹಾಸದಲ್ಲಿ ನನಗೆ ಒಳ್ಳೆಯ ಅಂಕ ಬರುತ್ತಿದ್ದವು, ಅದು ಬೇರೆ. ಈ ಮನೆಯ ಹೆಂಗಸು ಗುರುತಿಲ್ಲದವರಿಗೆ ಮುಖ ತೋರಿಸಿ ಭಾಷಣ ಮಾಡಿದ್ದಿಲ್ಲ.

ನಿನ್ನ ಭಾವ ಮೋದಿನಸಾಬ ಕಾಗದ ಓದಿ ನಕ್ಕ. "ಅಮ್ಮಾ, ದಿನಾ ನಮಗ ಮಾಡೂದು ಭಾಷಣ ಅಲ್ಲೇನ್ರಿ? ಈಗ ಅದಕ್ಕೊಂದು ಯಂತ್ರ ಹಚ್ಚತಾರ, ಅಷ್ಟ" ಎಂದ. ನೂಲಿನ ಅಂಗಡಿ ತೆರೆಯುವ ಹೊತ್ತಾಯಿತು, ನಡಿ ಎಂದೆ.

ಫೋನ್ ಮಾಡದೆ ಕಾಗದ ಬರೆದದ್ದು ಮಾತ್ರ ಸರಿ. ಫೋನಿನಲ್ಲಿ ಆಡಿದ ಮಾತನ್ನು ಮತ್ತೆ ತೆಗೆದು ನೋಡಲು ಬರುವುದಿಲ್ಲ. ನನ್ನ ಮಗ ಯೂಸುಫ ತೀರಿಕೊಂಡ ಮೇಲೆ ನೀನು ಒಂದು ವರ್ಷ ಇಲ್ಲಿ ಇದ್ದೆ. ಆಮೇಲೆ ಶಾಲೆಯಲ್ಲಿ ನೌಕರಿ ಸಿಕ್ಕಿತು, ನಾಜಮೀನಳನ್ನು ಕರೆದುಕೊಂಡು ನರಗುಂದಕ್ಕೆ, ನಿನ್ನ ಅಣ್ಣನ ಮನೆಗೆ ಹೋದೆ. ಹೋಗಿ ಎರಡು ವರ್ಷ. ಇಷ್ಟು ದಿನದಲ್ಲಿ ನೀನು ಬರೆದ ಉದ್ದನೆಯ ಕಾಗದ ಇದೊಂದೇ. ಅದರಲ್ಲಿ ನನ್ನ ಮೊಮ್ಮಗಳ ಬಗ್ಗೆ ಎರಡು ಸಾಲು, ಬಳಗದ ಬಗ್ಗೆ ಎರಡು ಪುಟ.

ಚಳಿ ಶುರುವಾಗುವ ಮೊದಲು ಹುಡುಗಿಯ ಕೈಕಾಲಿಗೆ ಎಣ್ಣೆ ಹಚ್ಚು.

ರಹಿಮತಬಿ


ನರಗುಂದ
೨೩ ಅಕ್ಟೋಬರ್ ೨೦೦೮

ಅಮ್ಮಾ ಅವರಿಗೆ ಹುಸ್ನಾಳ ಸಲಾಂ.

ನಿಮ್ಮ 'ಆಗುವುದಿಲ್ಲ' ಮುಟ್ಟಿತು. ಅದನ್ನು ನಾಜಮೀನಳಿಗೆ ಹೇಳಲು ಧೈರ್ಯ ಆಗಲಿಲ್ಲ. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಹೋದ ತಿಂಗಳ ಮಾತಿಗೆ ಅವಳನ್ನೂ ಕರೆದುಕೊಂಡು ಹೋಗಿದ್ದೆ. ಪುಣೆಯಿಂದ ಒಬ್ಬರು ಈ ಕಡೆಯ ಕೋಟೆಗಳ ಬಗ್ಗೆ ಹೇಳುತ್ತಿದ್ದರು. ಯಾರು ಕಟ್ಟಿಸಿದರು, ಯಾರು ಗೆದ್ದರು, ಯಾವ ಇಸವಿ. ಅವರ ಬಾಯಲ್ಲಿ ಗಜೇಂದ್ರಗಡದ ಹೆಸರು ಬಂದದ್ದೇ ತಡ, ಇವಳು ಬೆಂಚಿನ ಮೇಲೆ ಎದ್ದು ನಿಂತು, "ಅದು ನಮ್ಮ ದಾದಿ ಗಡ!" ಎಂದು ಕೂಗಿದಳು. ಎಲ್ಲರೂ ನಕ್ಕರು. ಆ ದೊಡ್ಡ ಮನುಷ್ಯರು ಪರದೆಯ ಒಳಗಿನಿಂದಲೇ, "ನಿಮ್ಮ ಅಜ್ಜಿ ಗಡದ ಬಗ್ಗೆ ಏನು ಹೇಳುತ್ತಾರೆ?" ಎಂದು ಕೇಳಿದರು. "ಅಲ್ಲಿ ನೀರು ಕುಡದ ಮ್ಯಾಲೆ ನಮ್ಮಮ್ಮ ನಮ್ಮ ಮನಿಯಾಕಿ ಆಗ್ಯಾಳ ಅಂತ ಹೇಳ್ತಾರ" ಎಂದಳು.

ಆಗ ಯಾರೂ ನಗಲಿಲ್ಲ. ಬಳಗದ ಕಾರ್ಯದರ್ಶಿ ಮುನಾವರ ಎಂಬುವರು ಇಲ್ಲಿ ಕಂಪ್ಯೂಟರ್ ಕಲಿಸುವ ಕೇಂದ್ರ ನಡೆಸುತ್ತಾರೆ. "ರಾಜರ ಮಾತು ಭಾಳ ಆತು. ಆ ನೀರಿನ ಮಾತು ಕೇಳೂಣು" ಎಂದರು. ನಿಮ್ಮನ್ನು ಕೇಳಿದ್ದು ಅದಕ್ಕೆ.

ನೀವು ಎಲ್ಲಿಗೂ ಹೋಗಬೇಕಾಗಿಲ್ಲ, ಅಮ್ಮಾ. ಎಲ್ಲ ನಿಮ್ಮ ಪಡಸಾಲೆಯಲ್ಲೇ ಆಗುತ್ತದೆ. ನಿಮ್ಮ ಮಾತಿಗೆ ನಲವತ್ತು ಜನ ಬರುತ್ತಾರೆ. ಎಲ್ಲರೂ ಸಂಭಾವಿತರು.

ಮಾತು ಮುಗಿದ ವಾರದಲ್ಲಿ ನಾನು ನಾಜಮೀನಳನ್ನು ಕರೆದುಕೊಂಡು ಊರಿಗೆ ಬರುತ್ತೇನೆ. ನಿಮ್ಮ ಹತ್ತಿರ ಒಂದು ವಿಷಯ ಮಾತಾಡುವುದಿದೆ. ಕಾಗದದಲ್ಲಿ ಬರೆಯುವಂಥದ್ದಲ್ಲ.

ದಿನಾ ಎಣ್ಣೆ ಹಚ್ಚುತ್ತಿದ್ದೇನೆ.

ನಿಮ್ಮ ಹುಸ್ನಾ


ಗಜೇಂದ್ರಗಡ
೩೧ ಅಕ್ಟೋಬರ್ ೨೦೦೮

ಹುಸ್ನಾಳಿಗೆ ದುಆ.

ಒಪ್ಪಿದ್ದೇನೆ. ನಿನ್ನ ಬಳಗಕ್ಕಾಗಿ ಅಲ್ಲ. ನನ್ನ ಮೊಮ್ಮಗಳು ಬೆಂಚು ಹತ್ತಿ ನಿಂತು ಹೇಳಿದ ಮಾತು ಸುಳ್ಳಾಗಬಾರದು, ಅದಕ್ಕೆ.

ಮುಖ ತೋರಿಸುವುದಿಲ್ಲ, ಮಾತು ಮಾತ್ರ. ಯಂತ್ರ ಬಾಗಿಲಿನ ಕಡೆ ಮುಖ ಮಾಡಿರಲಿ, ಅಲ್ಲಿಂದ ಗಡ ಕಾಣುತ್ತದೆ, ಅದನ್ನು ನೋಡಲಿ. ಬರುವವರು ಚಪ್ಪಲಿ ಹೊರಗೆ ಬಿಡಬೇಕು. ನಾನು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ನಲವತ್ತು ಜನರ ಚಿಂತೆ ನಿನಗೆ ಬೇಡ, ಈ ಮನೆಗೆ ಅದು ಹೊಸದಲ್ಲ.

ಇನ್ನು ಕಾಗದದಲ್ಲಿ ಬರೆಯಲು ಬಾರದ ನಿನ್ನ ವಿಷಯ. ಅದೇನೆಂದು ತಿಳಿಯದಷ್ಟು ದಡ್ಡಳಲ್ಲ ನಾನು. ಎಷ್ಟು ದಿನ ಅಂತ ಅಣ್ಣನ ಮನೆಯಲ್ಲಿ ಇರಲು ಆಗುತ್ತದೆ? ನೀನು ಬಂದು ಹೇಳಲಿ ಎಂದು ನಾನು ಕಾಯುವುದಿಲ್ಲ, ತಯಾರಿ ನಡೆಸಿದ್ದೇನೆ. ಯೂಸುಫನ ಕೋಣೆಯಲ್ಲಿ ಮೋದಿನಸಾಬ ನೂಲಿನ ಗಂಟು ಒಟ್ಟಿದ್ದ, ಎಲ್ಲ ಹೊರಗೆ ಹಾಕಿಸಿದೆ. ಬರುವ ವಾರ ಸುಣ್ಣ ಹಚ್ಚುವವರು ಬರುತ್ತಾರೆ. ಕಿಟಕಿಗೆ ಹಸಿರು ಬಣ್ಣ ಹೇಳಿದ್ದೇನೆ, ಹುಡುಗಿಗೆ ಅದು ಸೇರುತ್ತದೆ. ವರ್ಷದ ನಡುವೆ ಹೆಸರು ಹಚ್ಚಿಸಿಕೊಳ್ಳುತ್ತೀರಾ ಎಂದು ಇಲ್ಲಿಯ ಶಾಲೆಯ ಹೆಡ್ ಮಾಸ್ತರರನ್ನೂ ಕೇಳಬೇಕು ಎಂದಿದ್ದೇನೆ.

ಮುಶಿಗೇರಿಯಿಂದ ಗೋಧಿ ಬಂದಿದೆ. ನಿನಗೆ ಎಂದು ಒಂದು ಚೀಲ ಬೇರೆ ಇಟ್ಟಿದ್ದೇನೆ.

ರಹಿಮತಬಿ


ನರಗುಂದ
೮ ನವೆಂಬರ್ ೨೦೦೮

ಅಮ್ಮಾ ಅವರಿಗೆ ಸಲಾಂ.

ಈ ತಿಂಗಳ ಹದಿನಾರು, ರವಿವಾರ ಸಂಜೆ ನಾಲ್ಕಕ್ಕೆ ನಿಮ್ಮ ಮಾತು. ಯಂತ್ರ ಜೋಡಿಸಲು ಬಳಗದ ಕಾರ್ಯದರ್ಶಿ ತಾವೇ ಮಧ್ಯಾಹ್ನದ ಬಸ್ಸಿಗೆ ಬರುತ್ತಾರೆ. ನಮ್ಮ ಅಂಗಡಿಯ ಫೋನಿನ ತಂತಿಯನ್ನೇ ಪಡಸಾಲೆಗೆ ಎಳೆದರೆ ಸಾಕಂತೆ, ಭಾವನವರನ್ನು ಕೇಳಿದ್ದಾರೆ. ಅವರು ನಿಮಗೆ ಎಲ್ಲ ತಿಳಿಸಿ ಹೇಳುತ್ತಾರೆ, ತಾಳ್ಮೆಯವರು. ನಾನು ಇಲ್ಲಿಯ ಯಂತ್ರ ನೋಡಿಕೊಳ್ಳಬೇಕು, ಅದಕ್ಕೆ ಆ ದಿನ ಬರಲು ಆಗುವುದಿಲ್ಲ.

ಕೋಣೆಗೆ ಸುಣ್ಣ ಹಚ್ಚಿಸುವ ತೊಂದರೆ ತೆಗೆದುಕೊಳ್ಳಬೇಡಿ, ಅಮ್ಮಾ. ಧೂಳಿಗೆ ನಿಮಗೆ ಕೆಮ್ಮು ಬರುತ್ತದೆ. ಹೆಡ್ ಮಾಸ್ತರರನ್ನೂ ಈಗಲೇ ಕೇಳಬೇಡಿ.

ಇಲ್ಲಿ ಎರಡು ಸಾಲು ಹೊಡೆದುಹಾಕಿದ್ದಕ್ಕೆ ಬೇಜಾರಾಗಬೇಡಿ. ಶಾಯಿ ಚೆಲ್ಲಿತು.

ನಾಜಮೀನ ದಿನಾ ಕೇಳುತ್ತಾಳೆ, ಇನ್ನೆಷ್ಟು ದಿನ ಎಂದು.

ಹುಸ್ನಾ


ಗಜೇಂದ್ರಗಡ
೧೮ ನವೆಂಬರ್ ೨೦೦೮

ಹುಸ್ನಾಳಿಗೆ ದುಆ.

ಪರದೆಯ ಮೇಲೆ ನಡೆದದ್ದನ್ನು ನೀನು ಕಂಡೆ. ಪರದೆಯ ಈಚೆ ನಡೆದದ್ದನ್ನು ನಾನು ಬರೆಯುತ್ತೇನೆ.

ನಲವತ್ತು ಜನ ಬರುತ್ತಾರೆ, ನಿಮ್ಮ ಪಡಸಾಲೆಯಲ್ಲೇ ಆಗುತ್ತದೆ ಎಂದು ಬರೆದವಳು ನೀನು. ಮನೆಗೆ ಬಂದವರನ್ನು ಬರೀ ಮಾತು ಕೇಳಿಸಿ ಕಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಶನಿವಾರದಿಂದಲೇ ಪಕ್ಕದ ಮನೆಯ ಹೊನ್ನವ್ವನನ್ನೂ ಕರೆದುಕೊಂಡು ಕುಳಿತೆ. ಗೋಧಿ ರೊಟ್ಟಿ ಮುರಿದು, ಬೆಲ್ಲ, ಒಣಕೊಬ್ಬರಿ, ಗಸಗಸೆ ಹಾಕಿ ನಲವತ್ತು ಜನರಿಗೆ ಮಲೀದಾ ಮಾಡಿದೆವು. ಮೇಲೆ ಮೆಣಸಿನಕಾಯಿ ಭಜಿ. ಚಹಾಕ್ಕೆ ಲಕ್ಕಲಕಟ್ಟಿಯಿಂದ ಹಾಲು ತರಿಸಿದೆ. ಜಮಾತಿನ ಚಾಪೆಗಳನ್ನು ತಂದು ಪಡಸಾಲೆಯಿಂದ ಕಟ್ಟೆಯವರೆಗೆ ಹಾಸಿಸಿದೆ.

ಬಂದವನು ಒಬ್ಬ. ಮುನಾವರ. ಹೆಗಲಿಗೆ ಒಂದು ಚೀಲ, ಕೈಯಲ್ಲಿ ತಂತಿಯ ಸುರುಳಿ. ಚಪ್ಪಲಿ ಹೊರಗೆ ಬಿಟ್ಟು ಸಲಾಂ ಮಾಡಿದ.

"ಉಳಿದವರು ಯಾವ ಬಸ್ಸಿಗೆ ಬರ್ತಾರ?" ಎಂದೆ.

ಅವನು ಚಾಪೆ ನೋಡಿದ, ಒಳಗೆ ಸಾಲಾಗಿ ಇಟ್ಟ ತಟ್ಟೆ ನೋಡಿದ. ಪಾಪ, ಅವನ ಮುಖ ಸಣ್ಣದಾಯಿತು. "ಅಮ್ಮಾ, ಅವರು ಬರೂದು ಇದರಾಗರಿ" ಎಂದು ಚೀಲದಿಂದ ಯಂತ್ರ ತೆಗೆದ.

ಹೊನ್ನವ್ವ ಸುಮ್ಮನಿರುವವಳೇ? "ಇಷ್ಟ ಸಣ್ಣ ಪೆಟಿಗ್ಯಾಗ ನಲವತ್ತು ಮಂದಿನ? ಹಂಗಾರ ಅವರ ಪಾಲಿನ ಮಲೀದಾ ಯಾವ ತೂತಿನ್ಯಾಗ ತುರುಕೂದೋ ತಮ್ಮಾ?" ಎಂದಳು. ಮೋದಿನಸಾಬ ನಕ್ಕ. ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಮುನಾವರ ಒಬ್ಬನೇ ನಗಲಿಲ್ಲ. "ತಪ್ಪು ನಮ್ಮದರಿ. ಸರಿಯಾಗಿ ಬರದು ತಿಳಸಬೇಕಾಗಿತ್ತು" ಎಂದ.

ನಾನು ಒಳಗೆ ಹೋಗಿ ಕದ ಹಾಕಿಕೊಂಡೆ. ಯಂತ್ರ ಎತ್ತಿಕೊಂಡು ಹೋಗು ಎನ್ನಬೇಕು ಎಂದಿದ್ದೆ. ಆಮೇಲೆ ನಾಜಮೀನ ಆ ಕಡೆ ಬೆಂಚಿನ ಮೇಲೆ ಕಾಯುತ್ತಾ ಕುಳಿತಿರುತ್ತಾಳೆ ಎಂದು ನೆನಪಾಯಿತು. ಹೊರಗೆ ಬಂದು ಹೇಳಿದೆ, "ತಟ್ಟಿ ಖಾಲಿ ಆಗೂ ಮಟಾ ನಾ ಮಾತಾಡೂದಿಲ್ಲ. ಹೊನ್ನವ್ವಾ, ಓಣಿಯವರನ್ನ ಕರಿ." ಮಗ್ಗದವರ ಮನೆಗಳಿಂದ ಹೆಂಗಸರು, ಮಕ್ಕಳು ಎಲ್ಲ ಬಂದರು. ಬಡಿಸಿದವನು ಮುನಾವರ. ಅಂಗಿಯ ತೋಳು ಮಡಚಿಕೊಂಡು ಕೊನೆಯ ತಟ್ಟೆಯವರೆಗೆ ಬಡಿಸಿದ. ಆಮೇಲೆ ತಾನು ತಿಂದ.

ಮಾತು ಒಂದು ತಾಸು ತಡವಾದದ್ದು ಯಂತ್ರದ ದೋಷದಿಂದ ಎಂದು ಅವನು ನಿಮಗೆಲ್ಲ ಹೇಳಿದ. ನಾನು ಪಕ್ಕದಲ್ಲೇ ಇದ್ದೆ, ಕೇಳಿದೆ. ಅದು ಸುಳ್ಳು. ನನ್ನ ಮಾನ ಉಳಿಸಲು ಹೇಳಿದ್ದು.

ಮುಖ ತೋರಿಸುವುದಿಲ್ಲ ಎಂದಿದ್ದೆ. ಯಂತ್ರವನ್ನು ಬಾಗಿಲಿಗೆ ತಿರುಗಿಸಿಯೇ ಇಟ್ಟಿದ್ದ. ಪರದೆಯಲ್ಲಿ ನಾಲ್ಕು ಚೌಕ, ನರಗುಂದ, ಹುಬ್ಬಳ್ಳಿ, ಪುಣೆ, ಸೊಲ್ಲಾಪುರ. ನರಗುಂದದ ಚೌಕದಿಂದ, "ದಾದಿ, ಗಡ ಕಾಣಾಕ ಹತ್ತೈತಿ, ನೀವೆಲ್ಲಿ ಅದೀರಿ?" ಎಂದು ನಾಜಮೀನ ಕೇಳಿದಳು. ಅದಕ್ಕೆ ಏನು ಹೇಳಬೇಕು? ಯಂತ್ರವನ್ನು ನಾನೇ ಈ ಕಡೆ ತಿರುಗಿಸಿದೆ. ಅವಳ ಮುಂದಿನ ಹಲ್ಲು ಬಿದ್ದದ್ದನ್ನು ನೀನು ಬರೆದಿರಲಿಲ್ಲ.

ಇನ್ನು ನಾನು ಹೇಳಿದ ಮಾತು. ನೀನು ಕೇಳಿದ್ದೀ. ಆದರೂ ನಾಜಮೀನ ದೊಡ್ಡವಳಾದಾಗ ಓದಲಿ ಎಂದು ಬರೆಯುತ್ತೇನೆ, ತೆಗೆದಿಡು.

ಈ ಮನೆತನದವರು ಹಿಂದೆ ಗಡದ ಮೇಲೆಯೇ ಇದ್ದರಂತೆ. ಕೆಳಗೆ ಊರಿಗೆ ಇಳಿದು ಬಂದ ಮೇಲೂ ಹೆಂಗಸರು ಮೇಲಿನ ಹೊಂಡವನ್ನು ಬಿಡಲಿಲ್ಲ. ಹೊಸ ಸೊಸೆ ಬಂದರೆ ಅತ್ತೆ ಅವಳನ್ನು ಗಡ ಹತ್ತಿಸಿ, ಹೊಂಡದ ನೀರನ್ನು ತನ್ನ ಬೊಗಸೆಯಲ್ಲಿ ತುಂಬಿ ಕುಡಿ ಎನ್ನಬೇಕು. ಸೊಸೆ ಊರಿನ ಕಡೆ, ಮನೆಯ ಕಡೆ ಮುಖ ಮಾಡಿ ಕುಡಿಯಬೇಕು. ನನ್ನ ಅತ್ತೆಯ ಕೈ ಸಣ್ಣವು. ಬೆರಳ ಸಂದಿಯಿಂದ ನೀರು ಸೋರುತ್ತಿತ್ತು. "ಲಗೂ ಕುಡಿಯ, ಇಲ್ಲಂದ್ರ ಅರ್ಧಾ ಸೊಸಿ ಆಗಿ ಉಳೀತಿ" ಎಂದಳು. ನಿನಗೆ ನಾನು ಕುಡಿಸಿದಾಗ ಒಂದು ಹನಿ ಸೋರಿರಲಿಲ್ಲ.

ಹಾಗೆಯೇ ಮನೆಯ ಮಗಳು ಮದುವೆಯಾಗಿ ಹೋಗುವಾಗ ಹೆತ್ತವಳು ಅದೇ ಹೊಂಡದ ನೀರು ಕುಡಿಸುತ್ತಾಳೆ. ಆಗ ಮುಖ ಊರಿನ ಕಡೆ ಅಲ್ಲ, ಅವಳು ಹೋಗುವ ದಾರಿಯ ಕಡೆ. ಸೊಸೆಗೆ ಬರುವಾಗ ಒಮ್ಮೆ, ಮಗಳಿಗೆ ಹೋಗುವಾಗ ಒಮ್ಮೆ. ಗಡದ ಇತಿಹಾಸ ನನಗೆ ಗೊತ್ತಿರುವುದು ಇಷ್ಟು ಎಂದೆ.

ಆಗ ಸೊಲ್ಲಾಪುರದ ಚೌಕದಲ್ಲಿದ್ದ ಒಬ್ಬ ಹೆಂಗಸು, "ಅಮ್ಮಾ, ಸೊಸೆಯೇ ಹೋಗಬೇಕಾಗಿ ಬಂದರೆ?" ಎಂದು ಕೇಳಿದಳು.

"ನಮ್ಮ ಮನಿ ಸೊಸಿ ಹೋಗೂದಿಲ್ಲ" ಎಂದೆ. ಓಣಿಯ ಹೆಂಗಸರು ಹೌದೌದು ಎಂದು ತಲೆದೂಗಿದರು. ಅಷ್ಟರಲ್ಲಿ ನರಗುಂದದ ಚೌಕ ಕಪ್ಪಾಯಿತು. "ತಂತಿ ಕಡೀತ್ರಿ" ಎಂದ ಮುನಾವರ.

ಅವನು ಹೊರಟಾಗ ನಾಜಮೀನಳಿಗೆಂದು ಡಬ್ಬಿಯಲ್ಲಿ ಮಲೀದಾ ತುಂಬುತ್ತಿದ್ದೆ. "ಅಮ್ಮಾ, ಕೊಬ್ಬರಿ ಇಲ್ಲದ್ದು ಇದ್ರ ನೋಡ್ರಿ. ಆಕಿ ಒಂದೊಂದ ಚೂರು ಹೆಕ್ಕಿ ತಟ್ಟಿ ಅಂಚಿಗೆ ಸಾಲಾಗಿ ಇಡ್ತಾಳ್ರಿ" ಎಂದ. ಯೂಸುಫನೂ ಸಣ್ಣವನಿದ್ದಾಗ ಹಾಗೆಯೇ ಮಾಡುತ್ತಿದ್ದ. ಕುಳಿತು ಕೊಬ್ಬರಿ ಆರಿಸಿ ತೆಗೆದು ಕಟ್ಟಿಕೊಟ್ಟೆ. ಬಹಳ ಹೊತ್ತು ಹಿಡಿಯಿತು. ಅವನು ನಿಂತುಕೊಂಡೇ ಕಾದ.

ಕೋಣೆಗೆ ಸುಣ್ಣ ಹಚ್ಚಿ ಆಗಿದೆ. ಯಾವ ದಿನ ಬರುತ್ತೀ ಬರೆ.

ರಹಿಮತಬಿ


ಗಜೇಂದ್ರಗಡ
೧೩ ಡಿಸೆಂಬರ್ ೨೦೦೮

ಹುಸ್ನಾಳಿಗೆ ದುಆ.

ನನ್ನ ಹಿಂದಿನ ಕಾಗದಕ್ಕೆ ಉತ್ತರ ಇಲ್ಲ. ಮಾತು ಮುಗಿದ ವಾರದಲ್ಲಿ ಬರುತ್ತೇನೆ ಎಂದವಳು ಬಕ್ರೀದಿಗೂ ಬರಲಿಲ್ಲ. ಮೋದಿನಸಾಬ ಫೋನ್ ಮಾಡಿದರೆ ಶಾಲೆಯ ಕೆಲಸ ಎಂದೆಯಂತೆ. ಬಕ್ರೀದಿಗೆ ಶಾಲೆಗೆ ರಜೆ ಇರುತ್ತದೆ. ನಾನೂ ಶಾಲೆ ಕಲಿತವಳು.

ನನ್ನ ಮಾತು ಚೆನ್ನಾಗಿ ಆಗಲಿಲ್ಲವೇ? ಬಳಗದವರು ನಕ್ಕರೇ? ನಾನು ಯಂತ್ರದ ತೀರಾ ಹತ್ತಿರ ಕುಳಿತಿದ್ದೆ, ಮೂಗು ದೊಡ್ಡದಾಗಿ ಕಾಣುತ್ತಿತ್ತು ಎಂದು ಮೋದಿನಸಾಬ ಹೇಳಿದ. ಊರವರ ಮುಂದೆ ನಿನಗೆ ನಾಚಿಕೆಯಾಗಿದ್ದರೆ ಹಾಗೆಂದು ಬರೆ. ಇಲ್ಲವೇ ಬೇರೆ ಏನಾದರೂ ಇದ್ದರೆ ಅದನ್ನು ಬರೆ.

ಹಬ್ಬದ ಮಾಂಸದ ಪಾಲು ನಿನ್ನ ಅಣ್ಣನ ಮನೆಗೆ ಕಳಿಸಿದ್ದೆ. ಪಾತ್ರೆ ತಿರುಗಿ ಬಂತು, ಅದರ ಜೊತೆ ಒಂದು ಚೀಟಿಯೂ ಇರಲಿಲ್ಲ.

ಕೋಣೆಗೆ ಬೀಗ ಹಾಕಿಲ್ಲ.

ರಹಿಮತಬಿ


ನರಗುಂದ
೨೭ ಡಿಸೆಂಬರ್ ೨೦೦೮

ಅಮ್ಮಾ ಅವರಿಗೆ ಸಲಾಂ.

ತಡವಾಗಿ ಬರೆದದ್ದಕ್ಕೆ ಕ್ಷಮೆ ಇರಲಿ. ನಿಮ್ಮ ಮಾತು ಎಲ್ಲರಿಗೂ ಇಷ್ಟವಾಯಿತು. ಯಾರೂ ನಗಲಿಲ್ಲ. ಪುಣೆಯವರು ಅದನ್ನು ಬರೆದುಕೊಂಡರಂತೆ.

ನಾಜಮೀನ ಆರೋಗ್ಯವಾಗಿದ್ದಾಳೆ. ಮೂರನೆಯ ಇಯತ್ತೆಯ ಪರೀಕ್ಷೆಯಲ್ಲಿ ಕನ್ನಡದಲ್ಲಿ ಮೊದಲು ಬಂದಿದ್ದಾಳೆ. ನಾನು ಬಳಗದ ಕೆಲಸ ಬಿಟ್ಟಿದ್ದೇನೆ. ಶಾಲೆ, ಮನೆ ಎರಡನ್ನೂ ನೋಡಿಕೊಂಡು ಅದು ಆಗುವುದಿಲ್ಲ.

ನಿಮ್ಮ ಹತ್ತಿರ ಒಂದು ವಿಷಯ ಮಾತಾಡಬೇಕು ಎಂದಿದ್ದೆ. ಅದು ಈಗ ಬೇಕಾಗಿಲ್ಲ. ನೀವು ಅಂದು ಎಲ್ಲರ ಮುಂದೆ ಹೇಳಿದ್ದು ಸರಿ. ನಮ್ಮ ಮನೆಯ ಸೊಸೆ ಹೋಗುವುದಿಲ್ಲ. ರೋಣ ತಾಲೂಕಿಗೆ ವರ್ಗ ಮಾಡಿಕೊಡಿ ಎಂದು ಅರ್ಜಿ ಕೊಡುತ್ತೇನೆ. ಗಜೇಂದ್ರಗಡಕ್ಕೇ ಸಿಕ್ಕರೆ ಬರುವ ಜೂನ್ ಹೊತ್ತಿಗೆ ನಾವಿಬ್ಬರೂ ಅಲ್ಲಿ ಇರುತ್ತೇವೆ. ಕೋಣೆಯಲ್ಲಿ ನಿಮ್ಮ ಮಗನ ಪುಸ್ತಕಗಳಿದ್ದರೆ ಹಾಗೆಯೇ ಇರಲಿ.

ನಿಮ್ಮ ಸೊಸೆ
ಹುಸ್ನಾ

(ಹಾಳೆಯ ಹಿಂದೆ, ದೊಡ್ಡ ಅಕ್ಷರದಲ್ಲಿ)

ದಾದಿಗೆ ಸಲಾಂ. ಅಮ್ಮ ಪಾಕೀಟಿಗೆ ಹಚ್ಚಾಕ ಗೋಂದು ತರಾಕ ಹೋಗ್ಯಾಳ. ಅದಕ್ಕ ನಾ ಲಗೂ ಲಗೂ ಬರಿಯಾಕ ಹತ್ತೀನಿ. ನೀವು ಕಳಿಸಿದ ಮಲೀದಾದಾಗ ಒಂದೂ ಕೊಬ್ಬರಿ ಚೂರು ಇರಲಿಲ್ಲ. ಭಾಳ ಚಲೋ ಇತ್ತು. ಮುನಾವರ ಅಂಕಲ್ ಈಗ ನಮ್ಮನಿಗೆ ಬರೂದಿಲ್ಲ. ಅಮ್ಮ ಬರಬ್ಯಾಡ್ರಿ ಅಂದಾಳ. ಮೊದಲ ಅಮ್ಮ ರೊಟ್ಟಿ ಮಾಡುವಾಗ ಹಾಡತಿದ್ಲು. ಈಗ ಹಾಡೂದಿಲ್ಲ. ನಾ ಬರದದ್ದು ಅಮ್ಮಗ ಹೇಳಬ್ಯಾಡ್ರಿ. ನಾಜಮೀನ.


ಗಜೇಂದ್ರಗಡ
೧೧ ಜನವರಿ ೨೦೦೯

ಹುಸ್ನಾಳಿಗೆ ದುಆ.

ಮೊಹರಂ ಮುಗಿಯಲಿ ಎಂದು ಕಾದೆ. ಈಗ ಕುಳಿತು ಬರೆಯುತ್ತಿದ್ದೇನೆ.

ನಿನ್ನ ಕಾಗದ ಓದಿ ನನಗೆ ಸಂತೋಷ ಆಗಬೇಕಿತ್ತು. ನಾನು ಬೇಡಿದ್ದೇ ಅದರಲ್ಲಿತ್ತು. ಮೋದಿನಸಾಬನೂ, "ಅಮ್ಮಾ, ಇನ್ನ ಆತಲ್ರಿ, ಹುಡುಗಿ ಮನಿಗೆ ಬರ್ತಾಳ" ಎಂದ. ಆ ಕಾಗದ ಹಿಡಿದುಕೊಂಡು ಯೂಸುಫನ ಕೋಣೆಗೆ ಹೋಗಿ ಕುಳಿತೆ. ಹಸಿರು ಕಿಟಕಿ ಚೆನ್ನಾಗಿ ಕಾಣುತ್ತದೆ. ಆದರೆ ಆ ಕೋಣೆಯಲ್ಲಿ ಹಾಡದೆ ರೊಟ್ಟಿ ಮಾಡುವವಳನ್ನು ಇಟ್ಟುಕೊಂಡು ನಾನು ಏನು ಮಾಡಲಿ?

ಇದು ನನಗೆ ಹೇಗೆ ಗೊತ್ತಾಯಿತು ಎಂದು ಯಾರನ್ನೂ ಬೈಯಬೇಡ. ನೀನೇ ಬರೆದುಕೊಟ್ಟಿದ್ದೀ. ಬಾಲ್ ಪೆನ್ನಿನಿಂದ ಬರೆದ ಕಾಗದದಲ್ಲಿ ಶಾಯಿ ಚೆಲ್ಲಿತು ಎಂದೆ. ಮೊದಮೊದಲು ಮುನಾವರ ಎಂದು ಹೆಸರು ಹಿಡಿದು ಬರೆದೆ, ಆಮೇಲೆ ಒಂದು ಸಲವೂ ಆ ಹೆಸರು ಬರೆಯಲಿಲ್ಲ. ಯೂಸುಫನ ಹೆಸರನ್ನೂ ನೀನು ಎಂದೂ ಬರೆದವಳಲ್ಲ, ಬಾಯಲ್ಲೂ ಅಂದವಳಲ್ಲ. ಇಷ್ಟು ತಿಳಿಯಲು ಮೆಟ್ರಿಕ್ ಓದಬೇಕಾಗಿಲ್ಲ. ಅಂದು ತಂತಿಯೂ ಕಡಿದಿರಲಿಲ್ಲ. ಹುಬ್ಬಳ್ಳಿ, ಪುಣೆ, ಸೊಲ್ಲಾಪುರ ಎಲ್ಲ ಹಾಗೇ ಇದ್ದವು.

ಮುನಾವರನ ಬಗ್ಗೆ ವಿಚಾರಿಸಿದ್ದೇನೆ. ಹೆಂಡತಿ ತೀರಿಕೊಂಡು ಐದು ವರ್ಷವಾಯಿತಂತೆ, ತಾಯಿ ಇದ್ದಾಳಂತೆ. ಒಳ್ಳೆಯ ಮನೆತನ. ನಮ್ಮಷ್ಟು ಹಳೆಯದಲ್ಲ. ನಮ್ಮ ಧರ್ಮ ಮರುಮದುವೆ ಬೇಡ ಎನ್ನುವುದಿಲ್ಲ, ನಾನು ಬೇಡ ಎಂದರೆ ತಪ್ಪಾಗುತ್ತದೆ. ಕೊನೆಯ ತಟ್ಟೆಯವರೆಗೆ ಬಡಿಸಿ ಆಮೇಲೆ ತಿಂದವನ ಬಗ್ಗೆ ನನಗೆ ಹೆಚ್ಚು ಕೇಳುವುದೂ ಇಲ್ಲ.

ಆದರೆ ನಮ್ಮ ಮನೆಯ ಸೊಸೆ ಹೋಗುವುದಿಲ್ಲ ಎಂದು ನಾಲ್ಕು ಊರಿನವರ ಮುಂದೆ ಹೇಳಿದ್ದೇನೆ. ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡವಳಲ್ಲ, ಈಗಲೂ ತೆಗೆದುಕೊಳ್ಳುವುದಿಲ್ಲ. ಸೊಸೆ ಹೋಗುವುದಿಲ್ಲ. ಮಗಳು ಹೋಗುತ್ತಾಳೆ. ಮಗಳನ್ನು ಕಳಿಸುವ ಪದ್ಧತಿ ಈ ಮನೆಯಲ್ಲಿ ಇದೆ.

ಹೋದ ಶುಕ್ರವಾರ ನಾನೂ ಹೊನ್ನವ್ವನೂ ಗಡ ಹತ್ತಿದೆವು. ದಾರಿ ತುಂಬ ಅವಳ ಬಾಯಿ ನಿಲ್ಲಲಿಲ್ಲ. "ಈ ಮೊಣಕಾಲು ತಗೊಂಡು ಎಲ್ಲಿಗಿ ಹೊಂಟೀವಿ ರಹಿಮತಕ್ಕಾ? ಇಟಗಿ ಭೀಮವ್ವನ ಗುಡಿಗೂ ನಾ ಇಷ್ಟು ದಣದಿಲ್ಲ" ಎಂದಳು.

"ಹೊಂಡದಾಗ ನೀರು ಅದಾವೇನು ನೋಡಾಕ" ಎಂದೆ.

"ಅದನ್ನ ನೋಡಾಕ ಮಗನ್ನ ಕಳಿಸಿದ್ರ ಆಗ್ತಿರಲಿಲ್ಲ?"

"ಇದು ಗಂಡಸರು ನೋಡೂ ನೀರಲ್ಲ."

ಅವಳು ನನ್ನ ಮುಖ ನೋಡಿದಳು. ತಿಳಿಯಿತು ಎಂದು ಕಾಣುತ್ತದೆ. ನನ್ನ ಕೈ ಹಿಡಿದುಕೊಂಡು ಹತ್ತಿದಳು. ನೀರು ಇದೆ. ಅಂಚಿಗೆ ಪಾಚಿ ಕಟ್ಟಿದೆ, ನಡುವೆ ತಿಳಿಯಾಗಿದೆ. ಬೊಗಸೆಯಲ್ಲಿ ಎತ್ತಿ ನೋಡಿದೆ. ಈಗ ನನ್ನ ಬೆರಳ ಸಂದಿಯಿಂದಲೂ ಸೋರುತ್ತದೆ. ನೀನು ಲಗೂ ಕುಡಿಯಬೇಕಾಗುತ್ತದೆ.

ಈ ಮನೆಯಲ್ಲಿ ಆ ನೀರನ್ನು ಎರಡು ಸಲ ಕುಡಿದವರು ಯಾರೂ ಇಲ್ಲ. ನೀನೇ ಮೊದಲನೆಯವಳು. ಅಂದು ಮುಖ ಮನೆಯ ಕಡೆ ಇತ್ತು, ಈ ಸಲ ನರಗುಂದದ ಕಡೆ ನಿಲ್ಲಿಸುತ್ತೇನೆ. ನಾಜಮೀನ ಇನ್ನೂ ನೀರು ಕುಡಿದಿಲ್ಲ. ಅವಳು ಯಾರ ಮನೆಯಲ್ಲಿ ಬೆಳೆದರೂ, ಯಾರನ್ನು ಅಬ್ಬಾ ಎಂದರೂ, ನೀರು ಕುಡಿಯುವ ದಿನದವರೆಗೆ ಈ ಮನೆಯವಳೇ. ಅದನ್ನು ಅವನ ತಾಯಿಗೂ ತಿಳಿಸಿ ಹೇಳು. ಹಸಿರು ಕಿಟಕಿಯ ಕೋಣೆ ಅವಳದು, ರಜೆಗೆ ಬರಲಿ.

ವರ್ಗದ ಅರ್ಜಿ ಕೊಟ್ಟಿದ್ದರೆ ಹಿಂದಕ್ಕೆ ತೆಗೆದುಕೋ. ಫೆಬ್ರವರಿ ಒಂದನೆಯ ತಾರೀಖು ರವಿವಾರ. ಅಂದು ಬಾ. ಮುನಾವರನಿಗೆ ಯಂತ್ರ ತರಲು ಹೇಳು. ಆ ಸೊಲ್ಲಾಪುರದ ಹೆಂಗಸು ಎಲ್ಲರ ಮುಂದೆ ಕೇಳಿದಳು, ನಾನು ಅರ್ಧ ಉತ್ತರ ಕೊಟ್ಟಿದ್ದೇನೆ. ಉಳಿದರ್ಧ ಅವಳಿಗೆ ಸೇರಬೇಕು. ಯಂತ್ರ ಪಡಸಾಲೆಯಲ್ಲೇ ಇರಲಿ, ಹೊಂಡದ ಹತ್ತಿರ ಬೇಡ. ಅಲ್ಲಿಗೆ ನಾವು ಮೂವರು ಹೆಂಗಸರು ಹೋಗಿ ಬರೋಣ. ಅವನು ಕೆಳಗೆ ಕಾಯಲಿ. ಕಾಯುವುದು ಅವನಿಗೆ ಬರುತ್ತದೆ.

ಅಂದು ಊಟಕ್ಕೆ ಎಷ್ಟು ಜನ ಎಂದು ಸರಿಯಾಗಿ ಬರೆ. ಪೆಟ್ಟಿಗೆಯೊಳಗಿನವರನ್ನು ಎಣಿಸಬೇಡ.

ರಹಿಮತಬಿ


ನರಗುಂದ
೧೭ ಜನವರಿ ೨೦೦೯

ಅಮ್ಮಾ,

ಸಲಾಂ ಬರೆಯಲು ಮರೆತು ಮೊದಲು ಅಮ್ಮಾ ಎಂದೇ ಬರೆದುಬಿಟ್ಟೆ. ಇರಲಿ.

ನಿಮ್ಮ ಕಾಗದವನ್ನು ನಿಂತೇ ಓದಿದೆ. ಆಮೇಲೆ ಕುಳಿತು ಓದಿದೆ. ಅವರಿಗೂ ಓದಿ ಹೇಳಿದೆ. ಕಾಗದ ಇಸಿದುಕೊಂಡು ತಾವೂ ಒಮ್ಮೆ ಓದಿದರು. ಕೊನೆಗೆ, "ಈ ಸಲನೂ ನಾನ ಬಡಸತೀನಿ ಅಂತ ಬರಿ" ಎಂದರು.

ಅಂದು ತಂತಿ ಕಡಿದಿರಲಿಲ್ಲ, ಅಮ್ಮಾ. ನನ್ನ ಮುಖ ನಿಮಗೆ ಕಾಣಬಾರದು ಎಂದು ನಾನೇ ಯಂತ್ರ ಆರಿಸಿದೆ. ಈ ಸಲ ಆರಿಸುವುದಿಲ್ಲ. ಎದುರಿಗೇ ಇರುತ್ತೇನೆ.

ನಾಜಮೀನ ಈಗಲೇ ಕೇಳುತ್ತಿದ್ದಾಳೆ, "ನಂಗ್ಯಾಕ ನೀರಿಲ್ಲ?" ಎಂದು. ದಾದಿಯನ್ನೇ ಕೇಳು ಎಂದಿದ್ದೇನೆ. ನೀವೇ ಹೇಳಿ. ಅವಳ ಪಾಲಿನ ಮಲೀದಾಕ್ಕೆ ಕೊಬ್ಬರಿ ಬೇಡ, ನಿಮಗೆ ಗೊತ್ತೇ ಇದೆ.

ಊಟಕ್ಕೆ ಮೂವರು ಬರುತ್ತೇವೆ.

ನಿಮ್ಮ ಮಗಳು
ಹುಸ್ನಾ